ಫುಟ್‌ಬಾಲ್ ಮ್ಯಾನೇಜರ್ 24ರಲ್ಲಿ ಭಾರತ ತಂಡ: ಬಹುಕಾಲದ ಬಳಕೆಯ ನಂತರದ ವಿಮರ್ಶೆ

ಕೋಚ್ ಆಗಿ ಫುಟ್‌ಬಾಲ್ ತಂಡ ನಡೆಸುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್ 24 ಬಂದದ್ದು 2023ರ ನವೆಂಬರಿನಲ್ಲಿ. ಇಷ್ಟು ಹಳೆಯ ಆಟದ ವಿಮರ್ಶೆ ಈಗೇಕೆ ಎಂದರೆ, ರಾಷ್ಟ್ರೀಯ ತಂಡ ನಡೆಸಬೇಕು ಅನ್ನುವವರಿಗೆ ಅದಾದ ಮೇಲೆ ಬಹುಕಾಲ ಹೊಸ ದಾರಿ ಸಿಗಲಿಲ್ಲ. 25ನೇ ಆವೃತ್ತಿಯನ್ನು ಆಟ ತಯಾರಿಸುವ ಸ್ಪೋರ್ಟ್ಸ್ ಇಂಟರ್ಯಾಕ್ಟಿವ್ ಸಂಸ್ಥೆ ಮೊದಲು ಮುಂದೂಡಿತು, 2025ರ ಫೆಬ್ರವರಿಯಲ್ಲಿ ಪೂರ್ತಿ ಕೈಬಿಟ್ಟಿತು. 2025ರ ನವೆಂಬರ್ 4ರಂದು 26ನೇ ಆವೃತ್ತಿ ಬಂತು. ಅದರಲ್ಲಿ ಯೂನಿಟಿ ಎಂಬ ಹೊಸ ಎಂಜಿನ್ (ಆಟವನ್ನು ಓಡಿಸುವ ತಂತ್ರಾಂಶ) ಇತ್ತು, ಮಹಿಳಾ ಫುಟ್‌ಬಾಲ್ ಇತ್ತು. ರಾಷ್ಟ್ರೀಯ ತಂಡದ ಕೋಚ್ ಹುದ್ದೆ ಮಾತ್ರ ಬಿಡುಗಡೆಯ ದಿನ ಇರಲಿಲ್ಲ.

ಗೋವಾದ ಮಡಗಾಂವ್, ವಾಸ್ಕೊ ಕಡೆಯ ನಮ್ಮ ಕನ್ನಡದ ಹುಡುಗರಿಗೆ ಸಿಟ್ಟು ಬಂದದ್ದು ಇದಕ್ಕೇ. ಅದೇ ವರ್ಷದ ಅಕ್ಟೋಬರ್ 14ರಂದು ಫಾತೋರ್ಡಾ ಮೈದಾನದಲ್ಲಿ ಮುನ್ಪಡೆಯ ಆಟಗಾರ ಛಾಂಗ್ಟೆ ಗೋಲಿನಿಂದ ಮುಂದಿದ್ದ ಭಾರತ, ಸಿಂಗಾಪುರದ ಎದುರು 1-2ರಲ್ಲಿ ಸೋತು 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿಸಿಕೊಂಡಿತ್ತು. ಅಂಥ ಸೋಲಿನ ಬೆನ್ನಿಗೆ, ಆ ತಂಡವನ್ನು ಕೈಗೆ ತೆಗೆದುಕೊಂಡು ನೋಡೋಣ ಎಂದು ಕೂತವರಿಗೆ ಹೊಸ ಆಟದಲ್ಲಿ ಆ ಕುರ್ಚಿಯೇ ಇರಲಿಲ್ಲ. ಹಾಗಾಗಿ 24ಕ್ಕೇ ವಾಪಸ್.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. 24ರಲ್ಲಿ ಬರೀ ರಾಷ್ಟ್ರೀಯ ತಂಡವನ್ನಷ್ಟೇ ಹಿಡಿದರೆ ಬೇಜಾರು ಬರುತ್ತದೆ. ಜೊತೆಗೊಂದು ಭಾರತೀಯ ಕ್ಲಬ್ ಹಿಡಿದರೆ, ಡೇಟಾಬೇಸನ್ನು ಸರಿಯಾಗಿ ಕಟ್ಟಿದ್ದರೆ, ಇಷ್ಟು ಆಳದ ಆಟ ಬೇರೆಲ್ಲೂ ಇಲ್ಲ. ಇವೆರಡೂ ಆಟ ತಾನಾಗಿ ಮಾಡಿಕೊಡುವ ಕೆಲಸವಲ್ಲ, ಆಡುವವರೇ ಮಾಡಿಕೊಳ್ಳಬೇಕು.

ಶುರುವಿನಲ್ಲೇ ಎಡವುವ ಜಾಗ ಡೇಟಾಬೇಸ್, ಅಂದರೆ ಆಟದೊಳಗೆ ಬರುವ ಆಟಗಾರರ ಸಂಗ್ರಹ. ಹೊಸ ಕೆರಿಯರ್ ಮಾಡುವಾಗ ಆಟ ತಾನಾಗಿ ಸೂಚಿಸುವ ಗಾತ್ರವನ್ನೇ ಒಪ್ಪಿ ಮುಂದೆ ಹೋದರೆ, ಭಾರತದ ಎಷ್ಟೋ ನಿಜವಾದ ಹುಡುಗರು ಸೇವ್ (ನೀವು ಉಳಿಸಿಕೊಂಡು ಮುಂದುವರಿಸುವ ಆಟ) ಒಳಗೆ ಬರುವುದೇ ಇಲ್ಲ. ಸ್ಕ್ವಾಡ್‌ಗೆ ಜನ ಸಾಲದಿದ್ದಾಗ ಆಟ ಮಸುಕು ಬಣ್ಣದ ಹೆಸರುಗಳನ್ನು ತುಂಬುತ್ತದೆ. ಅವರು ಲೆಕ್ಕಕ್ಕೆ ಮಾತ್ರ: ಪ್ರೊಫೈಲ್ ತೆರೆಯುವುದಿಲ್ಲ, ಬೆಳೆಯುವುದಿಲ್ಲ, ಮುಂದಿನ ಶಿಬಿರಕ್ಕೆ ಅವರೇ ಬರುತ್ತಾರೆಂಬ ಭರವಸೆಯೂ ಇಲ್ಲ. 19 ವರ್ಷದೊಳಗಿನವರ ತಂಡದಲ್ಲಿ ಇಂಥವರು ತುಂಬಿಕೊಂಡರೆ ಐದು ವರ್ಷದ ನಂತರ ಸೀನಿಯರ್ ತಂಡಕ್ಕೆ ಎತ್ತಿಕೊಳ್ಳಲು ಯಾರೂ ಇರುವುದಿಲ್ಲ. ಮಾಡಬೇಕಾದ್ದು ಇಷ್ಟು. ಭಾರತದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮತ್ತು ಐ-ಲೀಗ್ ಎರಡನ್ನೂ ಆಡಬಹುದಾದ ಲೀಗ್‌ಗಳಾಗಿ ಗುರುತು ಹಾಕಿ. ಆಮೇಲೆ ಡೇಟಾಬೇಸಿನ ಸುಧಾರಿತ ಆಯ್ಕೆಗೆ ಹೋಗಿ, ಭಾರತೀಯ ರಾಷ್ಟ್ರೀಯತೆಯ ಎಲ್ಲ ಆಟಗಾರರು, ಭಾರತದಲ್ಲಿ ನೆಲೆಸಿದ ಎಲ್ಲ ಆಟಗಾರರು ಎಂಬ ಎರಡು ಸಾಲುಗಳನ್ನು ಸೇರಿಸಿ. ಎದುರಾಳಿಗಳೂ ನಿಜವಾದ ತಂಡಗಳಾಗಿರಬೇಕೆಂದರೆ ಕತಾರ್, ಉಜ್ಬೇಕಿಸ್ತಾನ್, ಆಸ್ಟ್ರೇಲಿಯಾ, ಕುವೈತ್ ರಾಷ್ಟ್ರೀಯತೆಯವರನ್ನೂ ಇದೇ ಬಗೆಯಲ್ಲಿ ತರಬಹುದು. ಅದಕ್ಕೆ ಆ ದೇಶಗಳ ಲೀಗ್ ಲೋಡ್ ಮಾಡುವ ಅಗತ್ಯವಿಲ್ಲ.

ನೆನಪಿಡಬೇಕಾದ್ದು, ಲೀಗ್‌ಗಳನ್ನು ಸೇವ್ ನಡುವೆಯೂ ಸೇರಿಸಬಹುದು, ತೆಗೆಯಬಹುದು. ಡೇಟಾಬೇಸಿನ ಗಾತ್ರವನ್ನು ಮಾತ್ರ ಒಮ್ಮೆ ಶುರುವಾದ ಮೇಲೆ ಮುಟ್ಟಲು ಬರುವುದಿಲ್ಲ. 4 ಜಿಬಿ ರ್‍ಯಾಮ್‌ನಲ್ಲೂ ಆಟ ತೆರೆಯುತ್ತದೆ, ಆದರೆ ಇಷ್ಟೆಲ್ಲ ಸೇರಿಸಿದರೆ ಆಟದಲ್ಲಿ ಒಂದು ದಿನ ಮುಂದೆ ಸಾಗುವುದೇ ಕಷ್ಟ. 8 ಜಿಬಿ ಲ್ಯಾಪ್‌ಟಾಪ್ ಇದ್ದವರು ಯುರೋಪಿನ ಲೀಗ್‌ಗಳ ಆಸೆ ಬಿಟ್ಟು ಏಷ್ಯಾಕ್ಕೆ ಜಾಗ ಕೊಡಿ. ಪ್ರೀಮಿಯರ್ ಲೀಗನ್ನು ಬರೀ ನೋಡಲು ಇಟ್ಟುಕೊಂಡರೆ ಸಾಕು.

ಇನ್ನು ಖಾಲಿ ದಿನಗಳ ಮಾತು. ಫಿಫಾ ವಿಂಡೋಗಳು, ಅಂದರೆ ರಾಷ್ಟ್ರೀಯ ತಂಡಗಳ ಪಂದ್ಯಕ್ಕೆಂದು ಮೀಸಲಾದ ದಿನಗಳು, ಬರುವುದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮಾರ್ಚ್, ಜೂನ್‌ಗಳಲ್ಲಿ. ನವೆಂಬರಿನಿಂದ ಮಾರ್ಚ್‌ವರೆಗೆ, ಏಷ್ಯನ್ ಕಪ್ ಇಲ್ಲದ ವರ್ಷ, ರಾಷ್ಟ್ರೀಯ ಕೋಚ್‌ಗೆ ಕೆಲಸವೇ ಇಲ್ಲ. ಕ್ಲಬ್ಬಿನಲ್ಲಿ ವಾರಕ್ಕೊಂದು ತರಬೇತಿ ಯೋಜನೆ, ವರ್ಗಾವಣೆ, ಗುತ್ತಿಗೆ ಎಂದು ಕೈ ತುಂಬ ಕೆಲಸವಿದ್ದರೆ, ಇಲ್ಲಿ ಮುಂದುವರಿಸು ಗುಂಡಿ ಒತ್ತುವುದೊಂದೇ. ಅನೇಕರು ರಜೆಯ ಆಯ್ಕೆ ಬಳಸಿ ತಿಂಗಳುಗಳನ್ನು ಹಾರಿಸುತ್ತಾರೆ. ಅದರಲ್ಲೊಂದು ಅಪಾಯವಿದೆ: ರಜೆಯಲ್ಲಿದ್ದಾಗ ಸ್ಕ್ವಾಡ್ ಪ್ರಕಟಿಸುವ ದಿನ ಬಂದರೆ ಸಹಾಯಕ ಕೋಚ್ ತನಗೆ ತೋಚಿದವರನ್ನು ಕರೆದುಬಿಡುತ್ತಾನೆ. ವಾಪಸ್ ಬರುವ ದಿನಾಂಕವನ್ನು ಪಂದ್ಯದ ಹಿಂದಿನ ದಿನಕ್ಕಲ್ಲ, ಪಂದ್ಯಕ್ಕೆ ಮೂರು ವಾರ ಮುಂಚೆ ಇಟ್ಟುಕೊಳ್ಳಬೇಕು.

ಇದಕ್ಕೆ ಸರಿಯಾದ ಮದ್ದು ಎರಡು ಹುದ್ದೆ. ನಿಜ ಜೀವನದಲ್ಲೂ ಇದು ನಮ್ಮ ಗೋವಾದಲ್ಲೇ ನಡೆಯಿತು. 2024-25ರ ಋತುವಿನಲ್ಲಿ ಮನೋಲೊ ಮಾರ್ಕೆಸ್ ಎಫ್‌ಸಿ ಗೋವಾಕ್ಕೂ ಕೋಚ್, ಭಾರತಕ್ಕೂ ಕೋಚ್. ಗೋವಾ ಆ ವರ್ಷ ಸೂಪರ್ ಕಪ್ ಗೆದ್ದಿತು. ಭಾರತ ಮಾತ್ರ ಅವರ ಕಾಲದಲ್ಲಿ ಗೆದ್ದದ್ದು ಮಾಲ್ಡೀವ್ಸ್ ಮೇಲಿನ ಒಂದೇ ಪಂದ್ಯ. ಎರಡು ದೋಣಿಯ ಮೇಲೆ ಕಾಲಿಟ್ಟರೆ ಹೀಗೇ ಎಂದು ಇಲ್ಲಿ ಎಷ್ಟೋ ಜನ ಅಂದರು. ಆಟದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಎರಡೂ ಹುದ್ದೆ ಇಟ್ಟುಕೊಂಡವರಿಗೇ ಲಾಭ. ಕ್ಲಬ್ಬಿನಲ್ಲಿ ಪಳಗಿದ ತಂತ್ರವನ್ನು ಸೇವ್ ಮಾಡಿ ರಾಷ್ಟ್ರೀಯ ತಂಡದ ಪುಟದಲ್ಲಿ ಲೋಡ್ ಮಾಡಬಹುದು. 2023ರಲ್ಲಿ ಶುರುವಾಗುವ ಸೇವ್‌ನಲ್ಲಿ ಎಫ್‌ಸಿ ಗೋವಾ ಹಿಡಿದರೆ ಭಾರತ ತಂಡದ ಸಂದೇಶ್ ಝಿಂಗನ್, ಬ್ರ್ಯಾಂಡನ್ ಫರ್ನಾಂಡಿಸ್ ಇಬ್ಬರೂ ವಾರವಾರ ಕಣ್ಣೆದುರೇ ಇರುತ್ತಾರೆ. ಮುಂಬೈ ಸಿಟಿ ಹಿಡಿದರೆ ಛಾಂಗ್ಟೆ ಸಿಗುತ್ತಾರೆ. ಯಾರಿಗೆ ದಣಿವಾಗಿದೆ, ಯಾರಿಗೆ ವಿಶ್ರಾಂತಿ ಬೇಕು ಎಂಬುದನ್ನು ಶಿಬಿರಕ್ಕೆ ಮೊದಲೇ ನೀವೇ ತೀರ್ಮಾನಿಸಬಹುದು. ಕ್ಲಬ್ಬಿನ ಪತ್ರಿಕಾಗೋಷ್ಠಿ, ಸೌಹಾರ್ದ ಪಂದ್ಯಗಳನ್ನು ಜವಾಬ್ದಾರಿಗಳ ಪುಟದಲ್ಲಿ ಸಹಾಯಕನಿಗೆ ಒಪ್ಪಿಸಿಬಿಡಿ. ಪತ್ರಿಕಾಗೋಷ್ಠಿಯ ಪ್ರಶ್ನೆಗಳು ಎರಡನೇ ಋತುವಿನಷ್ಟರಲ್ಲಿ ಕಂಠಪಾಠ ಆಗಿಬಿಡುತ್ತವೆ, ಅವುಗಳಿಗೆ ಸಮಯ ಕೊಡುವುದರಲ್ಲಿ ಅರ್ಥವಿಲ್ಲ.

ಭಾರತ ತಂಡದ ನಿಜವಾದ ಪರೀಕ್ಷೆ ಜೂನ್ ವಿಂಡೋ. ಸೋಲಿಗೆ ತಂತ್ರವೇ ಕಾರಣ ಎಂದು ಜನ ತಂತ್ರ ಬದಲಿಸುತ್ತ ಕೂರುವುದು ಇಲ್ಲೇ. ಕಾರಣ ಬೇರೆ. ಐಎಸ್‌ಎಲ್ ಬೇಸಿಗೆಯ ಹೊತ್ತಿಗೆ ಮುಗಿದಿರುತ್ತದೆ. ಜೂನ್‌ನಲ್ಲಿ ಶಿಬಿರಕ್ಕೆ ಬರುವವರು ವಾರಗಟ್ಟಲೆ ಪಂದ್ಯ ಆಡಿರುವುದಿಲ್ಲ. ಹೃದಯದ ಗುರುತು ಹಸಿರಾಗಿಯೇ ಇರುತ್ತದೆ, ಅಂದರೆ ದಣಿವಿಲ್ಲ. ಪಕ್ಕದಲ್ಲಿರುವ ಪಂದ್ಯದ ಚುರುಕಿನ ಗುರುತು ಮಾತ್ರ ಕೆಳಗಿಳಿದಿರುತ್ತದೆ. ಚುರುಕು ಇಳಿದವರ ಮೊದಲ ಸ್ಪರ್ಶ ತಪ್ಪುತ್ತದೆ, ನಿರ್ಧಾರ ತಡವಾಗುತ್ತದೆ, ಕೊನೆಯ ಅರ್ಧ ಗಂಟೆಯಲ್ಲಿ ಕಾಲು ಸೋಲುತ್ತದೆ. ಪಂದ್ಯ ಆಡದೆ ಇದು ಏರುವುದಿಲ್ಲ.

ಹಾಗಾಗಿ ಜೂನ್ ವಿಂಡೋದಲ್ಲಿ ಒಂದೇ ಅರ್ಹತಾ ಪಂದ್ಯವಿದ್ದು ಇನ್ನೊಂದು ಜಾಗ ಖಾಲಿ ಇದ್ದರೆ, ಅಲ್ಲಿಗೆ ಸೌಹಾರ್ದ ಪಂದ್ಯ ಹಾಕಲೇಬೇಕು. ತಿಂಗಳುಗಳ ಮೊದಲೇ ಪಂದ್ಯಪಟ್ಟಿಯ ಪುಟಕ್ಕೆ ಹೋಗಿ ಗೊತ್ತುಮಾಡಿಕೊಳ್ಳಿ, ತಡವಾದರೆ ಒಳ್ಳೆಯ ಎದುರಾಳಿ ಸಿಗುವುದಿಲ್ಲ. 2025ರಲ್ಲಿ ಭಾರತವೂ ಇದನ್ನೇ ಮಾಡಿತ್ತು, ಜೂನ್ 4ಕ್ಕೆ ಥಾಯ್ಲೆಂಡ್ ಜೊತೆ ಸೌಹಾರ್ದ, ಜೂನ್ 10ಕ್ಕೆ ಹಾಂಗ್‌ಕಾಂಗ್ ಜೊತೆ ಅರ್ಹತಾ ಪಂದ್ಯ. ಎರಡರಲ್ಲೂ ಸೋತಿತು ಎನ್ನುವುದು ಬೇರೆ ಮಾತು. ಆಟದಲ್ಲಿ ಈ ಸೌಹಾರ್ದ ಪಂದ್ಯದ ಫಲಿತಾಂಶಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯ ಹನ್ನೊಂದು ಜನಕ್ಕೆ 60 ನಿಮಿಷ ಕೊಟ್ಟು ಹೊರತೆಗೆಯಿರಿ, ಉಳಿದದ್ದನ್ನು ಬೆಂಚಿನವರು ಆಡಲಿ. ಪೂರ್ತಿ 90 ನಿಮಿಷ ಆಡಿಸಿದರೆ ಚುರುಕಿನ ಜೊತೆ ಸ್ನಾಯು ನೋವೂ ಬರುತ್ತದೆ. ಎರಡೂ ಜಾಗದಲ್ಲಿ ಅರ್ಹತಾ ಪಂದ್ಯವೇ ಇದ್ದಾಗ ಈ ದಾರಿ ಮುಚ್ಚುತ್ತದೆ. ಆಗ ಸ್ಕ್ವಾಡ್ ಪಟ್ಟಿಯನ್ನು ಇತ್ತೀಚಿನ ಪಂದ್ಯದ ದಿನಾಂಕದ ಮೇಲೆ ಜೋಡಿಸಿ. ಸಾಮರ್ಥ್ಯ ಸ್ವಲ್ಪ ಕಡಿಮೆಯಾದರೂ ಹತ್ತಿರದ ದಿನಗಳಲ್ಲಿ ಆಡಿದವನೇ ಚುರುಕು ಇಳಿದಿರುವ ಹೆಸರುವಾಸಿಗಿಂತ ಮೇಲು ಎಂದುಕೊಂಡರೆ ತಪ್ಪಿಲ್ಲ. ಮೊದಲ ಪಂದ್ಯದಲ್ಲಂತೂ ಅವನನ್ನೇ ಇಳಿಸಿ.

ತಂತ್ರದ ವಿಷಯಕ್ಕೆ ಬಂದರೆ, ಕತಾರ್, ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್ ಎದುರು ಮೇಲೇರಿ ಒತ್ತಡ ಹಾಕುವ ಶೈಲಿ ಭಾರತಕ್ಕೆ ಹೊಂದುವುದಿಲ್ಲ. ನಾಲ್ಕು ದಿನ ಕೂಡುವ ತಂಡಕ್ಕೆ ಒಟ್ಟಾಗಿ ಮುನ್ನುಗ್ಗುವ ಅಭ್ಯಾಸ ಇರುವುದಿಲ್ಲ, ಒಬ್ಬ ತಡಮಾಡಿದರೂ ಬೆನ್ನ ಹಿಂದೆ ಮೈದಾನ ಖಾಲಿ. ಎಚ್ಚರಿಕೆಯ ಮನೋಭಾವ, ಕೆಳಗಿನ ಒತ್ತಡದ ರೇಖೆ, ಚೆಂಡು ಕಳೆದುಕೊಂಡರೆ ಹಿಂದಕ್ಕೆ ಸೇರುವುದು, ಸಿಕ್ಕರೆ ತಕ್ಷಣ ಪ್ರತಿದಾಳಿ. ಇಷ್ಟರಲ್ಲಿ ಛಾಂಗ್ಟೆಯಂಥ ವೇಗದವರಿಗೆ ದಾರಿ ತೆರೆಯುತ್ತದೆ.

ಗೋಲು ಬರಬೇಕಾದ್ದು ಕಾರ್ನರ್, ಫ್ರೀ ಕಿಕ್‌ಗಳಿಂದ. 24ನೇ ಆವೃತ್ತಿಯಲ್ಲಿ ಸೆಟ್ ಪೀಸ್ ವಿಭಾಗವನ್ನು ಹೊಸದಾಗಿ ಕಟ್ಟಿದ್ದಾರೆ, ರಾಷ್ಟ್ರೀಯ ತಂಡದವರಿಗೆ ಈ ಆವೃತ್ತಿಯ ದೊಡ್ಡ ಉಡುಗೊರೆ ಅದೇ. ಏಕೆಂದರೆ ಇದಕ್ಕೆ ತಿಂಗಳುಗಟ್ಟಲೆ ಒಡನಾಟ ಬೇಡ, ಒಬ್ಬ ಒಳ್ಳೆಯ ಹೊಡೆಯುವವ, ಒಬ್ಬ ಒಳ್ಳೆಯ ಜಿಗಿಯುವವ ಇದ್ದರೆ ನಡೆಯುತ್ತದೆ. ಕಾರ್ನರ್ ಒಳಮುಖ ತಿರುಗುವ ಚೆಂಡಾಗಿ ಹತ್ತಿರದ ಕಂಬಕ್ಕೆ ಬರಲಿ. ಜಿಗಿತ, ತಲೆಹೊಡೆತ, ಧೈರ್ಯ ಈ ಮೂರರಲ್ಲೂ ಮೇಲಿರುವ ಸ್ಟಾಪರ್ (ನಡುವಿನ ರಕ್ಷಣಾ ಆಟಗಾರ) ಅಲ್ಲಿಗೆ ನುಗ್ಗಲಿ. ಒಬ್ಬ ಗೋಲ್‌ಕೀಪರ್ ಮುಂದೆ ನಿಲ್ಲಲಿ, ಒಬ್ಬ ದೂರದ ಕಂಬದಲ್ಲಿರಲಿ, ಒಬ್ಬ ಬಾಕ್ಸ್ ಅಂಚಿನಲ್ಲಿ ಕಾಯಲಿ, ಇಬ್ಬರು ವೇಗದವರು ಹಿಂದೆ ಉಳಿಯಲಿ. ಹಿಂದೆ ಒಬ್ಬನನ್ನೇ ಬಿಟ್ಟರೆ ನಮ್ಮದೇ ಕಾರ್ನರಿನಿಂದ ಎದುರಾಳಿಗೆ ಗೋಲು. ಎಡಕ್ಕೆ ಬಲಗಾಲಿನವ, ಬಲಕ್ಕೆ ಎಡಗಾಲಿನವ ಹೊಡೆದರೆ ಚೆಂಡು ಒಳಮುಖವಾಗುತ್ತದೆ. ಎಡವಟ್ಟಾಗುವುದು ಹೆಸರಿನ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಬರೆದವರು ಈ ಬಾರಿಯ ಶಿಬಿರದಲ್ಲಿ ಇಲ್ಲದಿದ್ದರೆ ಆಟ ಯಾರನ್ನೋ ಹೊಡೆಯಲು ಕಳಿಸುತ್ತದೆ. ಪ್ರತಿ ವಿಂಡೋದಲ್ಲೂ, ಹನ್ನೊಂದು ಜನ ಖಚಿತವಾದ ಮೇಲೆ, ಈ ಪಟ್ಟಿಯನ್ನು ಹೊಸದಾಗಿ ತುಂಬಬೇಕು.

ವಿದೇಶದಲ್ಲಿ ಆಡುವ ಭಾರತೀಯ ಮೂಲದವರ ಮೇಲೆ ಕಣ್ಣು ಹಾಕುವವರಿಗೆ ಒಂದು ಮಾತು. ಭಾರತದಲ್ಲಿ ಎರಡು ಪೌರತ್ವ ಇಲ್ಲ, ಭಾರತದ ಪಾಸ್‌ಪೋರ್ಟ್ ಇಲ್ಲದವರು ತಂಡಕ್ಕೆ ಆಡುವ ಹಾಗಿಲ್ಲ. ಪುಣೆಯವರಿಗೆ ಇದರ ಉದಾಹರಣೆ ಚೆನ್ನಾಗಿ ಗೊತ್ತು: ಜಪಾನಿನಲ್ಲಿ ಹುಟ್ಟಿ ಪುಣೆ ಎಫ್‌ಸಿಯಲ್ಲಿ ಆಡುತ್ತಿದ್ದ ಅರಾಟಾ ಇಝುಮಿ, ಜಪಾನ್ ಪೌರತ್ವ ಬಿಟ್ಟುಕೊಟ್ಟ ಮೇಲೆಯೇ 2013ರಲ್ಲಿ ಭಾರತದ ಅಂಗಿ ತೊಟ್ಟರು. ಆದ್ದರಿಂದ ಹುಡುಕುವಾಗ ಎರಡನೇ ರಾಷ್ಟ್ರೀಯತೆಯ ಬಾವುಟ ನೋಡಿ ಖುಷಿಪಡದೆ, ರಾಷ್ಟ್ರೀಯ ತಂಡಕ್ಕೆ ಲಭ್ಯ ಎಂಬುದನ್ನೇ ನೋಡಿ.

ಕೊರತೆಗಳೂ ಕಡಿಮೆಯಿಲ್ಲ. ರಾಷ್ಟ್ರೀಯ ತಂಡದ ವಿಭಾಗಕ್ಕೆ ವರ್ಷಗಟ್ಟಲೆ ಯಾರೂ ಕೈಹಚ್ಚಿಲ್ಲ ಎಂಬುದು ಪುಟಪುಟದಲ್ಲೂ ಕಾಣುತ್ತದೆ. ತರಬೇತಿಯಲ್ಲಿ ಕ್ಲಬ್ಬಿನಷ್ಟು ಹಿಡಿತವಿಲ್ಲ. ನಿಜವಾದ ಕೋಚ್‌ಗಳ ಅರ್ಧ ತಲೆನೋವು, ಆಟಗಾರರನ್ನು ಬೇಗ ಬಿಟ್ಟುಕೊಡಿ ಎಂದು ಕ್ಲಬ್‌ಗಳ ಜೊತೆ ಮಾಡುವ ಚೌಕಾಸಿ. ಅದಕ್ಕೆ ಇಲ್ಲಿ ಸರಿಯಾದ ಜಾಗವೇ ಇಲ್ಲ. ಸಿಟ್ಟು ಮಾಡಿಕೊಂಡ ಅಭಿಮಾನಿಗಳಿಗೆ ನಾವು ಹೇಳುವುದೂ ಇದನ್ನೇ: ಈ ಹಳೆಯ ವಿಭಾಗವನ್ನು ಹಾಗೇ ತಂದು 26ರಲ್ಲಿ ಅಂಟಿಸಿದ್ದರೆ ಏನೂ ಗೆದ್ದಂತಾಗುತ್ತಿರಲಿಲ್ಲ. ತೆಗೆದು ಹೊಸದಾಗಿ ಕಟ್ಟುವುದು ಸರಿ. ಆದರೆ ಪೂರ್ತಿ ಬೆಲೆಗೆ ಮಾರುವ ದಿನ ಅದು ಇಲ್ಲದಿದ್ದದ್ದು ಸರಿಯಲ್ಲ.

ತಾಂತ್ರಿಕವಾಗಿ ಹೆಚ್ಚು ಕಾಟವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಎಪಿಕ್ ಎಂಬ ಆನ್‌ಲೈನ್ ಆಟದ ಅಂಗಡಿ ಇದನ್ನು ಪುಕ್ಕಟೆ ಕೊಟ್ಟಿದ್ದರಿಂದ ನಮ್ಮ ಕಡೆ ಬಹಳ ಜನರ ಬಳಿ ಇರುವುದು ಆ ಪ್ರತಿಯೇ. ಅದರಲ್ಲಿ ಸ್ಟೀಮ್ ವರ್ಕ್‌ಶಾಪ್ (ಅಭಿಮಾನಿಗಳು ಮಾಡಿದ ಫೈಲ್‌ಗಳನ್ನು ನೇರವಾಗಿ ಇಳಿಸಿಕೊಳ್ಳುವ ಜಾಗ) ಸಿಗುವುದಿಲ್ಲ. ಲಾಂಛನ, ಮುಖಚಿತ್ರಗಳನ್ನು ಡಾಕ್ಯುಮೆಂಟ್ಸ್ ಒಳಗೆ ಸ್ಪೋರ್ಟ್ಸ್ ಇಂಟರ್ಯಾಕ್ಟಿವ್ ಫೋಲ್ಡರಿನ ಫುಟ್‌ಬಾಲ್ ಮ್ಯಾನೇಜರ್ 2024 ಫೋಲ್ಡರಿನಲ್ಲಿ ಗ್ರಾಫಿಕ್ಸ್ ಎಂಬ ಹೆಸರಿನ ಫೋಲ್ಡರ್ ಮಾಡಿ ಹಾಕಿ, ಆಟದ ಆದ್ಯತೆಗಳಲ್ಲಿ ಕ್ಯಾಶ್ ಅಳಿಸಿ, ಸ್ಕಿನ್ (ಪರದೆಯ ವಿನ್ಯಾಸ) ಮರುಲೋಡ್ ಮಾಡಿ. 2024ರ ಆರಂಭದ ನಂತರದ ತಂಡಗಳ ಬದಲಾವಣೆ ಅಧಿಕೃತವಾಗಿ ಬರಲಿಲ್ಲ, ಅಭಿಮಾನಿಗಳು ಮಾಡಿದ ಡೇಟಾ ಫೈಲ್‌ಗಳೇ ಗತಿ. ಅವನ್ನು ಎಡಿಟರ್ ಡೇಟಾ ಫೋಲ್ಡರಿಗೆ ಹಾಕಿ ಹೊಸ ಸೇವ್ ಶುರುಮಾಡಬೇಕು, ನಡೆಯುತ್ತಿರುವ ಸೇವ್‌ಗೆ ಅವು ಹತ್ತುವುದಿಲ್ಲ. ಗೋವಾದ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಸೇವ್ ಬರೆಯುತ್ತಿರುವಾಗಲೇ ಹೋದರೆ ಆ ಫೈಲ್ ಕೆಡುತ್ತದೆ. ಸ್ವಯಂ ಸೇವ್ ವಾರಕ್ಕೊಮ್ಮೆ ಇರಲಿ, ಒಂದರ ಮೇಲೊಂದು ಬರೆಯದೆ ಸರದಿಯಲ್ಲಿ ಬೇರೆ ಬೇರೆ ಫೈಲಿಗೆ ಬರೆಯುವ ಆಯ್ಕೆ ಆರಿಸಿ.

26ರ ವಿಷಯದಲ್ಲಿ, ಫಿಫಾ ಜೊತೆ ಒಪ್ಪಂದವಾಗಿದೆ, ರಾಷ್ಟ್ರೀಯ ತಂಡದ ವಿಭಾಗ ಹೊಸ ರೂಪದಲ್ಲಿ ಸೇರುತ್ತದೆ ಎಂದು ಸಂಸ್ಥೆ ಹೇಳಿತು. ಚೆಂಡು ಇದ್ದಾಗ ಒಂದು ವ್ಯೂಹ, ಇಲ್ಲದಿದ್ದಾಗ ಇನ್ನೊಂದು ವ್ಯೂಹ ಇಡುವ ಅದರ ಹೊಸ ಏರ್ಪಾಡು ಭಾರತದಂಥ ತಂಡಕ್ಕೆ ಬಹಳ ಉಪಯೋಗದ್ದು, ಹಿಂದೆ ಐದು ಜನ ನಿಲ್ಲಿಸಿ ಮುಂದೆ ಮೂವರನ್ನು ಓಡಿಸಬಹುದು. ಪರದೆಯ ವಿನ್ಯಾಸದ ಬಗ್ಗೆ ಬಂದ ದೂರುಗಳೂ ನ್ಯಾಯವಾದವೇ, 24ರಲ್ಲಿ ಎರಡು ಕ್ಲಿಕ್‌ನಲ್ಲಿ ಸಿಗುತ್ತಿದ್ದ ಪುಟ ಅಲ್ಲಿ ಅಡಗಿ ಕೂತಿದೆ. ರಾಷ್ಟ್ರೀಯ ತಂಡಕ್ಕಾಗಿಯೇ ದುಡ್ಡು ಹಾಕುವವರು ಕೊಳ್ಳುವ ಮುನ್ನ ಮೂರು ವಿಷಯ ವಿಚಾರಿಸಿಕೊಳ್ಳಿ: ಶಿಬಿರದ ತರಬೇತಿ ಕೈಗೆ ಬಂದಿದೆಯೇ, ಕ್ಲಬ್ ಮತ್ತು ದೇಶ ಎರಡನ್ನೂ ಒಟ್ಟಿಗೆ ಹಿಡಿಯಬಹುದೇ, 19 ಮತ್ತು 23 ವರ್ಷದೊಳಗಿನವರ ತಂಡಗಳಲ್ಲಿ ನಿಜವಾದ ಆಟಗಾರರು ಇದ್ದಾರೆಯೇ. ಜಾಗ ಸಾಲದೆಂದು 24ನ್ನು ತೆಗೆಯುವವರು, ಅದೇ ಫುಟ್‌ಬಾಲ್ ಮ್ಯಾನೇಜರ್ 2024 ಫೋಲ್ಡರಿನ ಒಳಗಿರುವ ಗೇಮ್ಸ್ ಫೋಲ್ಡರನ್ನು ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ, ಸೇವ್‌ಗಳೆಲ್ಲ ಇರುವುದು ಅದರಲ್ಲೇ.