ಒಂದೇ ನಕ್ಷೆಯ ಎರಡು ಬೇಸ್ ಗಿಟಾರ್: ದುಬಾರಿಯದ್ದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಇಲ್ಲ

ರಸಮಂಜರಿ ಮುಗಿದು ವೈರ್ ಸುತ್ತುವಾಗ ವೇದಿಕೆ ಪಕ್ಕಕ್ಕೆ ಹುಡುಗರು ಬರುತ್ತಾರೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವವರೇ ಜಾಸ್ತಿ. ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಣ್ಣಾ, ಈಗಿರೋ ದುಡ್ಡಲ್ಲಿ ಒಂದು ಬೇಸ್ ತಗೊಳ್ಲಾ, ಇಲ್ಲ ಇನ್ನೆರಡು ವರ್ಷ ಕೂಡಿಟ್ಟು ಅಮೆರಿಕದ್ದೇ ತಗೊಳ್ಲಾ?" ಗಣೇಶನ ಪೆಂಡಾಲಿನಿಂದ ರಾಜ್ಯೋತ್ಸವದ ವೇದಿಕೆವರೆಗೆ ಈ ಸಲ ಎರಡನ್ನೂ ಬದಲಿಸಿ ಬದಲಿಸಿ ನುಡಿಸಿದ್ದೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: 'ಜಾಝ್' ಅನ್ನುವ ಹೆಸರಿನ ಮಾದರಿಯ ಬೇಸ್ ಬೇಕಿದ್ದರೆ ಕಾಯಬೇಡಿ, ಕಡಿಮೆ ಬೆಲೆಯದ್ದನ್ನೇ ತಗೊಳ್ಳಿ. ಆದರೆ ಎಲ್ಲಾ ಮಾದರಿಗೂ ಈ ಮಾತು ಒಪ್ಪುವುದಿಲ್ಲ.

ನನ್ನ ಹತ್ತಿರ ಇರುವುದು ಇಂಡೋನೇಷ್ಯಾದಲ್ಲಿ ತಯಾರಾದ ಜಾಝ್ ಮಾದರಿ. ಇನ್ನೊಂದು ನಮ್ಮ ತಂಡದ ಕೀಬೋರ್ಡ್ ಅಣ್ಣನದು, ಅಮೆರಿಕದಲ್ಲಿ ತಯಾರಾದದ್ದು. ಅವರದರ ಬೆಲೆ ನನ್ನದರ ಮೂರು ಪಟ್ಟಿಗಿಂತ ಜಾಸ್ತಿ. ಇವೆರಡು ಯಾವ ಕಂಪನಿಯವು ಅಂತ ಹೇಳುವುದಿಲ್ಲ. ಒಂದೊಂದು ಪೀಸ್ ನೋಡಿ ಇಡೀ ಕಂಪನಿಯನ್ನು ತೂಗುವುದು ನ್ಯಾಯ ಅಲ್ಲ.

ಈ ಎರಡೂ ದರ್ಜೆಯ ನಂಟು ಹಳೆಯದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ತಂದರು, 1960ರಲ್ಲಿ ಜಾಝ್ ಬೇಸ್ ಬಂತು. 34 ಇಂಚಿನ ತಂತಿ ಅಳತೆ, ಮರದ ಬಾಡಿಯ ಮೇಲೆ ಸ್ಕ್ರೂ ಹಾಕಿ ಕೂರಿಸಿದ ನೆಕ್ (ಎಡಗೈ ಓಡಾಡುವ ಉದ್ದನೆ ಹಿಡಿ). ಈ ನಕ್ಷೆ ಇವತ್ತಿಗೂ ಹಾಗೇ ನಡೆಯುತ್ತಿದೆ. 1965ರಲ್ಲಿ, ತಂತಿ ತಯಾರಿಸುತ್ತಿದ್ದ ಸ್ಕ್ವಯರ್ ಅನ್ನುವ ಕಂಪನಿಯನ್ನು ಫೆಂಡರ್ ಕೊಂಡಿತು. 1982ರಲ್ಲಿ ಅದೇ ಹೆಸರಿಟ್ಟು ಜಪಾನಿನಲ್ಲಿ ಕಡಿಮೆ ಬೆಲೆಯ ಗಿಟಾರ್ ಮಾಡಿಸತೊಡಗಿತು. ಈಗ ಕ್ಯಾಲಿಫೋರ್ನಿಯಾದ ಕರೋನಾದಲ್ಲಿ ದುಬಾರಿ ಫೆಂಡರ್, ಮೆಕ್ಸಿಕೋದ ಎನ್ಸೆನಾಡಾದಲ್ಲಿ ನಡುವಿನ ದರದ್ದು, ಇಂಡೋನೇಷ್ಯಾದಲ್ಲಿ ಸ್ಕ್ವಯರ್ ಹೆಸರಿನ ಕ್ಲಾಸಿಕ್ ವೈಬ್ ಸಾಲಿನವು ತಯಾರಾಗುತ್ತವೆ. ನಮ್ಮಲ್ಲಿ ಕ್ಲಾಸಿಕ್ ವೈಬ್‌ಗೆ 50 ಸಾವಿರದ ಆಸುಪಾಸು, ಅಮೆರಿಕದ್ದಕ್ಕೆ ಒಂದೂವರೆ ಲಕ್ಷದ ಮೇಲೆ. ಅಂದರೆ ಅಗ್ಗದ್ದು ಯಾರೋ ಕದ್ದು ಮಾಡಿದ ನಕಲು ಅಲ್ಲ. ಮನೆಯವರೇ ಕೊಟ್ಟ ನಕ್ಷೆ.

ಮೊದಲು ಸದ್ದಿನ ವಿಷಯ. ಎರಡಕ್ಕೂ ಒಂದೇ ಬಗೆಯ, ಒಂದೇ ದಪ್ಪದ ಹೊಸ ತಂತಿ ಹಾಕಿದೆವು. ಒಂದೇ ಡಿಐ ಬಾಕ್ಸ್ (ಬೇಸನ್ನು ನೇರ ಮಿಕ್ಸರಿಗೆ ಸೇರಿಸುವ ಪೆಟ್ಟಿಗೆ), ಮಿಕ್ಸರಿನಲ್ಲಿ ಒಂದೇ ಚಾನೆಲ್, ಸದ್ದಿನ ದಪ್ಪ-ತೆಳು ಹೊಂದಿಸುವ ಈಕ್ಯೂ ಮುಟ್ಟಲಿಲ್ಲ. ಸೌಂಡಿನವರು ವೇದಿಕೆಗೆ ಬೆನ್ನು ಹಾಕಿ ನಿಂತರು. ನಾನು ಒಂದೇ ಹಾಡಿನ ಪಲ್ಲವಿಯನ್ನು ಎರಡರಲ್ಲೂ ನುಡಿಸಿದೆ. ಯಾವುದು ಯಾವುದು ಅಂತ ಅವರಿಗೆ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಒಬ್ಬನೇ ನುಡಿಸುವಾಗ ಅಮೆರಿಕದ್ದರ ಮೇಲಿನ ಸ್ವರಗಳು ಸ್ವಲ್ಪ ಬಿಡಿಬಿಡಿಯಾಗಿ, ಶುದ್ಧವಾಗಿ ಕೇಳುತ್ತವೆ. ಹೆಡ್‌ಫೋನಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಡ್ರಮ್ಸ್, ಪ್ಯಾಡ್, ಕೀಬೋರ್ಡ್ ಸೇರಿಕೊಂಡ ಮೇಲೆ ಆ ವ್ಯತ್ಯಾಸ ಎಲ್ಲೋ ಹೋಗುತ್ತದೆ.

ಅದಕ್ಕೆ ಕಾರಣವೂ ಇದೆ. ಬೇಸಿನ ದಪ್ಪ ಇ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಊರಿನ ಪೆಂಡಾಲಿಗೆ ಬರುವ ಸೌಂಡ್ ಬಾಕ್ಸುಗಳಲ್ಲಿ ಆ ಆಳ ಪೂರ್ತಿ ಬರುವುದೇ ಕಷ್ಟ. ಜನರ ಕಿವಿಗೆ ಮುಟ್ಟುವುದು ಹೆಚ್ಚಾಗಿ ಅದರ ದುಪ್ಪಟ್ಟು, 82ರ ಹತ್ತಿರದ್ದು. ಒಳ್ಳೆ ಸಬ್‌ವೂಫರ್ ಇಲ್ಲದ ಕಡೆ ದುಬಾರಿ ಬೇಸಿನ ಪಿಕಪ್ಪಿನ (ತಂತಿಯ ಮಿಡಿತ ಹಿಡಿಯುವ ಭಾಗ) ಸೂಕ್ಷ್ಮ ಯಾರಿಗೆ ಕೇಳಬೇಕು ಹೇಳಿ? ಮರದ ಬಗ್ಗೆಯೂ ತುಂಬಾ ವಾದ ಮಾಡುತ್ತಾರೆ, ಆಲ್ಡರ್ ಒಳ್ಳೇದು, ಪಾಪ್ಲರ್ ಸಾಲದು ಅಂತ. ನನ್ನ ಕಿವಿಗೆ ವೇದಿಕೆಯ ಮೇಲೆ ಆ ವ್ಯತ್ಯಾಸ ಸಿಗಲಿಲ್ಲ.

ಇನ್ನೊಂದು ವಿಷಯ ಹುಡುಗರು ಗಮನಿಸುವುದಿಲ್ಲ, ಅದು ಗುಂಯ್ ಸದ್ದು. ಜನರೇಟರ್ ಪಕ್ಕದಲ್ಲಿ, ತಲೆ ಮೇಲೆ ಸೀರಿಯಲ್ ಲೈಟು, ಹಿಂದೆ ಎಲ್‌ಇಡಿ ಪರದೆ. ಅಲ್ಲಿ ಜಾಝ್ ಬೇಸಿನ ಒಂದು ವಾಲ್ಯೂಮ್ ನಾಬ್ ಇಳಿಸಿ ನೋಡಿ, ಗುಂಯ್ ಅಂತ ಶುರುವಾಗುತ್ತದೆ. ಎರಡು ನಾಬನ್ನೂ ಪೂರ್ತಿ ಏರಿಸಿದರೆ ನಿಲ್ಲುತ್ತದೆ. ಇದಕ್ಕೆ ಎರಡು ಪಿಕಪ್, ಒಂದನ್ನು ಇನ್ನೊಂದಕ್ಕೆ ಉಲ್ಟಾ ಸುತ್ತಿರುತ್ತಾರೆ, ಹಾಗಾಗಿ ಒಂದರ ಗುಂಯ್ ಇನ್ನೊಂದರದ್ದನ್ನು ಅಳಿಸಿಹಾಕುತ್ತದೆ. ಅಣ್ಣನ ದುಬಾರಿ ಬೇಸಿನಲ್ಲೂ ಇದು ಹಾಗೇ ಆಯಿತು, ಒಂಚೂರೂ ಕಡಿಮೆ ಇರಲಿಲ್ಲ. ದುಡ್ಡು ಜಾಸ್ತಿ ಕೊಟ್ಟ ಮಾತ್ರಕ್ಕೆ ಇದು ಹೋಗುವುದಿಲ್ಲ, ಪಿಕಪ್ಪಿನ ಬಗೆಯೇ ಬೇರೆ ಇರಬೇಕು. ಗುಂಯ್ ಸದ್ದು ಬೇಡವೇ ಬೇಡ ಅನ್ನುವವರು ಪ್ರಿಸಿಶನ್ ಮಾದರಿ ನೋಡಿ. 1957ರಿಂದ ಅದಕ್ಕೆ ಎರಡು ತುಂಡಿನ ಪಿಕಪ್ ಇದೆ, ಎಷ್ಟು ಅಗ್ಗದ್ದಾದರೂ ಗುಂಯ್ ಇಲ್ಲದೆ ಇರುತ್ತದೆ. ಹಳ್ಳಿ ವೇದಿಕೆಗೆ ನನ್ನ ಮೊದಲ ಆಯ್ಕೆ ಅದೇ.

ಈಗ ದುಬಾರಿಯದ್ದು ಗೆಲ್ಲುವ ಜಾಗಕ್ಕೆ ಬರೋಣ. ಅದು ನೆಕ್ಕು. ಅಣ್ಣನ ಬೇಸ್ ಹಿಡಿದು ಎಡಗೈಯನ್ನು ನಟ್ಟಿನಿಂದ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಗೀರಿನ ಪಟ್ಟಿ) ಬಾಡಿವರೆಗೆ ಜಾರಿಸಿದರೆ ಅಂಚು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಬೆರಳ ಹಲಗೆಯ ಅಂಚನ್ನು ಉಜ್ಜಿ ದುಂಡು ಮಾಡಿದ್ದಾರೆ. ನನ್ನದರಲ್ಲಿ ಫ್ರೆಟ್‌ಗಳ, ಅಂದರೆ ಆ ಹಲಗೆಯ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳ, ತುದಿ ಬೆರಳಿಗೆ ಸಿಗುತ್ತದೆ. ಮಳೆಗಾಲದಲ್ಲಿ ಅಷ್ಟು ತಿಳಿಯುವುದಿಲ್ಲ. ಶಿವರಾತ್ರಿ, ಸಿದ್ಧಗಂಗೆ ಜಾತ್ರೆ ಹೊತ್ತಿಗೆ ನಮ್ಮ ಕಡೆ ಗಾಳಿ ಒಣಗುತ್ತದೆ. ಮರ ಸ್ವಲ್ಪ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಆಗ ಅದರ ತುದಿ ಹಲಗೆಯ ಆಚೆ ಕೂದಲೆಳೆಯಷ್ಟು ಇಣುಕುತ್ತದೆ. ಮೂರು ಗಂಟೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ತೋರುಬೆರಳಿನ ಬುಡ ಕೆಂಪಾಗಿರುತ್ತದೆ. ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಅರ ಹಾಕಿಸಿಕೊಂಡು ಬಂದೆ, ಆಮೇಲೆ ತೊಂದರೆ ಇಲ್ಲ.

ಶ್ರುತಿ ನಿಲ್ಲುವುದರಲ್ಲೂ ಅಣ್ಣನದೇ ಮುಂದು. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಒಳಗೆ ಎರಡೂ ಒಂದೇ ಥರ. ಬಯಲಿನಲ್ಲಿ ಹಾಗಲ್ಲ. ನವೆಂಬರಿನಲ್ಲಿ ಸಂಜೆ ಬಿಸಿಲಲ್ಲಿ ಶ್ರುತಿ ಮಾಡಿ ರಾತ್ರಿ ಚಳಿಗೆ ನುಡಿಸುವಾಗ ನನ್ನದನ್ನು ಎರಡು ಹಾಡಿಗೊಮ್ಮೆ ನೋಡಿಕೊಳ್ಳಬೇಕು. ಅಣ್ಣನದನ್ನು ಒಮ್ಮೆ ಸರಿ ಮಾಡಿದರೆ ಬಹಳ ಹೊತ್ತು ಕೂತಿರುತ್ತದೆ. ಕೆಲವು ದುಬಾರಿ ಬೇಸ್‌ಗಳ ನೆಕ್ಕಿನೊಳಗೆ ಗ್ರಾಫೈಟ್ ಕಡ್ಡಿ ಹಾಕಿರುತ್ತಾರೆ, ಮರ ಬಾಗದಿರಲಿ ಅಂತ. ಆ ದುಡ್ಡು ದಂಡ ಅಲ್ಲ.

ಆದರೂ ಅಷ್ಟು ದುಡ್ಡಿಗೂ ಹೋಗದ ಒಂದು ಗುಣ ಇದೆ. ಈ ಬಗೆಯ ನೆಕ್ಕುಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಎಲ್ಲೋ ಒಂದು ಸ್ವರ ಬೇಗ ಸಾಯುತ್ತದೆ. ಅಲ್ಲಿ ನೆಕ್ಕೇ ತಂತಿಯ ಜೊತೆ ಅಲುಗಿ ಅದರ ಬಲ ಎಳೆದುಕೊಳ್ಳುತ್ತದೆ. ನಿಧಾನದ ಹಾಡಿನಲ್ಲಿ 5ನೇ ಫ್ರೆಟ್‌ನ ಸಿ ಸ್ವರ ಎಳೆದು ಹಿಡಿಯಬೇಕು ಅಂದುಕೊಳ್ಳಿ. ನನ್ನದರಲ್ಲಿ ಅದು ಕೂಡಲೇ ಬಾಡುತ್ತದೆ. ಅಣ್ಣನದರಲ್ಲಿ ಸ್ವಲ್ಪ ತಡವಾಗಿ ಬಾಡುತ್ತದೆ, ಅಷ್ಟೇ. ಎರಡರಲ್ಲೂ ನಾನು ಡಿ ತಂತಿಯ 10ನೇ ಫ್ರೆಟ್‌ಗೆ ಹೋಗಿ ಅದೇ ಸ್ವರ ಹಿಡಿಯುತ್ತೇನೆ. ಅಲ್ಲಿ ದುಂಡಗೆ ನಿಲ್ಲುತ್ತದೆ.

ಮಧುಗಿರಿ, ಶಿರಾ, ಕುಣಿಗಲ್ ಅಂತ ಟೆಂಪೋದಲ್ಲಿ ಹೋಗುವವರಿಗೆ ಇನ್ನೊಂದು ಲೆಕ್ಕವೂ ಇದೆ. ನನ್ನ ಬೇಸ್ ಸ್ಪೀಕರ್ ಬಾಕ್ಸಿನ ಪಕ್ಕ ಬ್ಯಾಗಿನಲ್ಲಿ ಒರಗಿಕೊಂಡು ಬರುತ್ತದೆ. ಅಣ್ಣನದು ದಾರಿಯುದ್ದಕ್ಕೂ ತೊಡೆ ಮೇಲೆ. ಊಟಕ್ಕೆ ಹೋಗುವಾಗಲೂ "ಸ್ವಲ್ಪ ನೋಡ್ಕೊಳಪ್ಪ" ಅಂತ ಯಾರಿಗಾದರೂ ಹೇಳಿಯೇ ಏಳಬೇಕು. ವಾದ್ಯದ ಮೇಲೆ ಅವರಿಗೆ ಇರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ಚಿಂತೆಯಲ್ಲಿ ನನಗೆ ನಿರಾಳವಾಗಿ ನುಡಿಸಲು ಆಗುವುದಿಲ್ಲ.

ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್ ಮಾತ್ರ ಬೇರೆ ಕಥೆ. 1976ರ ಮಾದರಿ, ಒಂದೇ ದಪ್ಪ ಹಂಬಕ್ಕರ್ (ಗುಂಯ್ ಅಳಿಸುವ ಜೋಡಿ ಸುರುಳಿಯ ಪಿಕಪ್), ಒಳಗೆ ಸದ್ದಿಗೆ ಬಲ ಕೊಡಲು ಬ್ಯಾಟರಿಯಲ್ಲಿ ನಡೆಯುವ ಪ್ರಿಆಂಪ್. ಸ್ಟರ್ಲಿಂಗ್ ಅನ್ನುವುದು ಅದರದೇ ಕಡಿಮೆ ದರದ ಸಾಲು. ಬೆಂಗಳೂರಿನ ಅಂಗಡಿಯಲ್ಲಿ ಎರಡನ್ನೂ ಒಂದೇ ಆಂಪ್‌ಗೆ ಹಾಕಿ ಬಹಳ ಹೊತ್ತು ನುಡಿಸಿದೆ. ಸ್ಟರ್ಲಿಂಗ್ ಚೆನ್ನಾಗಿಯೇ ಇದೆ. ಆದರೆ ಅಸಲಿಯಲ್ಲಿ ಹೆಬ್ಬೆರಳಿನಿಂದ ಹೊಡೆದಾಗ ತಂತಿ ಉತ್ತರ ಕೊಡುವ ರೀತಿಯೇ ಬೇರೆ. ಮೆಲ್ಲಗೆ ನುಡಿಸಿದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಎದೆಗೆ ತಾಕುತ್ತದೆ. ಇಲ್ಲಿ ವ್ಯತ್ಯಾಸ ಬ್ಯಾಂಡ್ ಸೇರಿದರೂ ಮುಚ್ಚಿಹೋಗುವಂಥದ್ದಲ್ಲ ಅಂತ ನನಗೆ ಅನಿಸಿತು. ಹೀಗೆ ಹೆಬ್ಬೆರಳಿನಿಂದ ಹೊಡೆದು ಸ್ಲ್ಯಾಪ್ ನುಡಿಸುವವರು ದುಡ್ಡು ಕೂಡಿಡಿ, ಕಾಯಿರಿ. ಇವೆರಡರಲ್ಲಿ ಯಾವುದೇ ತಗೊಂಡರೂ ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಚುಚ್ಚಿದ್ದರೆ ರಾತ್ರಿಯೆಲ್ಲಾ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ.

ಜಾಝ್ ಮಾದರಿ ತಗೊಳ್ಳುವವರು ಉಳಿದ ದುಡ್ಡಲ್ಲಿ ಮೊದಲು ಸೆಟಪ್ ಮಾಡಿಸಿ. ಕಡಿಮೆ ಬೆಲೆಯವುಗಳಲ್ಲಿ ನಟ್ಟಿನ ಗೀರು ಆಳ ಸಾಲದೆ ಇರುವುದುಂಟು. ಮೊದಲ ಫ್ರೆಟ್ ಒತ್ತಲು ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ. ಫೆಂಡರ್‌ನವರ ಲೆಕ್ಕದಲ್ಲಿ 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ದಪ್ಪ ಕಡೆ 2.4 ಮಿಲಿಮೀಟರ್, ಸಣ್ಣ ಕಡೆ 2 ಇರಬೇಕು. ರಿಪೇರಿಯವರಿಗೆ ಇದನ್ನೇ ಹೇಳಿ. ಆಮೇಲೆ ಒಂದು ಒಳ್ಳೆ ಡಿಐ ಬಾಕ್ಸ್, ಒಂದು ಗಟ್ಟಿ ಬ್ಯಾಗ್. ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಮೂರು ಪೀಸ್ ಕೇಳಿ, ಬೇಜಾರು ಮಾಡಿಕೊಂಡರೂ ಬಿಡಬೇಡಿ. ಜಿ ತಂತಿಯ 4ರಿಂದ 8ನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ಹಿಡಿದು ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಯಾವುದರಲ್ಲಿ ಅದು ಕಡಿಮೆ ಬಾಡುತ್ತದೋ ಅದಕ್ಕೆ ಬಿಲ್ ಹಾಕಿಸಿ.