ಲಾಸ್ ಪಾಲ್ಮಾಸ್‌ನಲ್ಲಿ ಸರ್ಫಿಂಗ್: ಬಾಡಿಗೆ ಬೋರ್ಡಾ, ಹಳೇ ಎಪಾಕ್ಸಿನಾ, ಹೊಸ ಫೋಮಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಟಡಿಯ ಫೋಮ್ ಬೋರ್ಡಿಗೆ. ಸರ್ಫಿಂಗ್ ಶಾಲೆಯಲ್ಲಿ ಮೊದಲ ದಿನ ಕೈಗೆ ಕೊಡುತ್ತಾರಲ್ಲ, ಮೇಲೆ ಮೆತ್ತಗೆ ಇರುವ ಆ ದಪ್ಪನೆಯ ಬೋರ್ಡು. ಸ್ವಲ್ಪ ಕಲಿತವರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ನಾನು ಬಾಡಿಗೆಗೂ ತೆಗೆದುಕೊಂಡು ನೋಡಿದ್ದೇನೆ, ಎಪಾಕ್ಸಿ ರಾಳದ ಗಟ್ಟಿ ಚಿಪ್ಪಿರುವ ಸೆಕೆಂಡ್ ಹ್ಯಾಂಡ್ ಎಪಾಕ್ಸಿ ಬೋರ್ಡನ್ನೂ ಇಟ್ಟುಕೊಂಡಿದ್ದೆ. ಈಗ ಬಾಲ್ಕನಿಯಲ್ಲಿ ನಿಂತಿರುವುದು ಫೋಮ್ ಒಂದೇ.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಗ್ರಾನ್ ಕನಾರಿಯಾ ಸ್ಪೇನಿಗೆ ಸೇರಿದ ಜ್ವಾಲಾಮುಖಿ ದ್ವೀಪ, ಇರುವುದು ಮಾತ್ರ ಆಫ್ರಿಕಾದ ಪಕ್ಕ, ಅಟ್ಲಾಂಟಿಕ್‌ನಲ್ಲಿ. ಅದರ ದೊಡ್ಡ ಊರು ಲಾಸ್ ಪಾಲ್ಮಾಸ್. ಊರಿನ ಪಶ್ಚಿಮದ ಅಂಚಿನುದ್ದಕ್ಕೂ ಸುಮಾರು 3 ಕಿಲೋಮೀಟರ್ ಲಾಸ್ ಕಾಂತೆರಾಸ್ ಬೀಚ್. ಫ್ಲ್ಯಾಟ್‌ಗಳ ಸಾಲು, ಕಾಲುದಾರಿ, ಮರಳು, ಅಷ್ಟೇ, ನಡುವೆ ಒಂದು ರಸ್ತೆ ಕೂಡ ಅಡ್ಡ ಬರುವುದಿಲ್ಲ. ಬೀಚಿನ ಉತ್ತರ ಭಾಗದ ಮುಂದೆ ನೀರಿನಲ್ಲಿ ಲಾ ಬಾರ್ರಾ ಎನ್ನುವ ಕಲ್ಲಿನ ದಂಡೆ ಇದೆ, ಇಳಿತ ಇದ್ದಾಗ ಮೇಲೇಳುತ್ತದೆ. ಅಲೆಗಳು ಅಲ್ಲೇ ಒಡೆದುಹೋಗುವುದರಿಂದ ಒಳಗಡೆ ಕೆರೆ ನೀರಿನ ಹಾಗೆ ಶಾಂತ. ದಕ್ಷಿಣದ ತುದಿಗೆ ಆ ರಕ್ಷಣೆ ಇಲ್ಲ. ಅಲ್ಲಿನ ಮರಳೂ ಕಪ್ಪು, ಲಾವಾ ಕಲ್ಲು ಸವೆದು ಆದದ್ದು. ಈ ತುದಿಗೆ ಲಾ ಸೀಸೆರ್ ಅನ್ನುತ್ತಾರೆ. ಹಿಂದೆ ಅಲ್ಲಿದ್ದ ವಿದ್ಯುತ್ ಕಂಪನಿಯ ಮೊದಲಕ್ಷರಗಳೇ ಈಗ ಬೀಚಿನ ಹೆಸರಾಗಿ ಉಳಿದಿವೆ. ಸರ್ಫಿಂಗ್ ಶಾಲೆಗಳು, ಬಾಡಿಗೆ ಅಂಗಡಿಗಳು, ನಮ್ಮಂಥವರು, ಎಲ್ಲರೂ ಇಲ್ಲೇ. ಇನ್ನೂ ಮುಂದೆ, ಆಲ್ಫ್ರೆದೊ ಕ್ರಾವ್ಸ್ ಸಭಾಂಗಣದ ಪಕ್ಕ, ಎಲ್ ಯೊರೆತ್ ಇದೆ. ಅಲ್ಲಿ ಅಡಿಯಲ್ಲಿ ಕಲ್ಲು, ನೀರಿನಲ್ಲಿ ಊರಿನ ಹಳಬರು. ಉತ್ತರದ ತುದಿಯಾಚೆ ಎಲ್ ಕಾನ್ಫಿತಾಲ್ ಇದೆ, ಅದು ಆಟ ಬಲ್ಲವರ ಜಾಗ. ಈ ಬರಹ ಇವೆರಡಕ್ಕೂ ಅನ್ವಯಿಸುವುದಿಲ್ಲ.

ನನ್ನ ದಿನಚರಿಯನ್ನೂ ಹೇಳಬೇಕು, ಯಾಕೆಂದರೆ ತೀರ್ಮಾನ ನಿಂತಿರುವುದೇ ಅದರ ಮೇಲೆ. ಟೀಮ್ ಬೆಂಗಳೂರಿನಲ್ಲಿದೆ. ಚಳಿಗಾಲದಲ್ಲಿ ಇಲ್ಲಿಗೂ ಭಾರತಕ್ಕೂ ಐದೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ಬೆಳಗಿನ ಜಾವ ಕತ್ತಲಲ್ಲೇ ಲ್ಯಾಪ್‌ಟಾಪ್ ತೆರೆದರೆ ಮಧ್ಯಾಹ್ನ ಒಂದಕ್ಕೆಲ್ಲ ಬೆಂಗಳೂರಿನವರು ಮನೆಗೆ ಹೊರಟಿರುತ್ತಾರೆ. ಅಲ್ಲಿಂದ ಸೂರ್ಯ ಮುಳುಗುವವರೆಗೆ ಸಮಯ ನನ್ನದು. ಸರ್ಫಿಂಗ್ ಕಲಿತದ್ದು ಮೂಲ್ಕಿಯಲ್ಲಿ, ಬೆಚ್ಚಗಿನ ನೀರಿನಲ್ಲಿ. ಮಟ್ಟ ಕೇಳಿದರೆ, ಹಸಿರು ಅಲೆ, ಅಂದರೆ ಇನ್ನೂ ಒಡೆದು ನೊರೆಯಾಗದ ಅಲೆ, ಸಿಕ್ಕರೆ ಎದ್ದು ನಿಂತು ಪಕ್ಕಕ್ಕೆ ಹೋಗಬಲ್ಲೆ, ಅದಕ್ಕಿಂತ ಹೆಚ್ಚಿನ ಕಸರತ್ತು ಬರುವುದಿಲ್ಲ.

ಈಗ ಬಾಡಿಗೆ. ಬಂದ ಹೊಸತರಲ್ಲಿ ಇದೇ ಸರಿ ಅನ್ನಿಸುತ್ತದೆ, ಒಂದೆರಡು ವಾರಕ್ಕೆ ಬಂದವರಿಗೆ ನಿಜವಾಗಿಯೂ ಇದೇ ಸರಿ. ಹೊತ್ತುಕೊಂಡು ಹೋಗುವ ಕಷ್ಟವಿಲ್ಲ, ಅಂಗಡಿಯಿಂದ ನೀರಿಗೆ ನೂರು ಹೆಜ್ಜೆ. ಅರ್ಧ ದಿನಕ್ಕೆ ನಾನು ಕೊಡುತ್ತಿದ್ದದ್ದು 15 ಯೂರೊ. ವಾರಕ್ಕೆ ಮೂರು ಸಲ ಅಂತ ಹಿಡಿದರೂ ಎರಡು ತಿಂಗಳೊಳಗೆ ಹೊಸ ಫೋಮ್ ಬೋರ್ಡಿನ ದುಡ್ಡು ಬಾಡಿಗೆಗೇ ಹೋಗಿರುತ್ತದೆ.

ದುಡ್ಡಿಗಿಂತ ನನಗೆ ಕಾಟ ಕೊಟ್ಟದ್ದು ಭರತ ಇಳಿತ. ನಮ್ಮ ಮಂಗಳೂರು ಕಡೆ ಇದನ್ನು ಮೀನುಗಾರರು ಬಿಟ್ಟರೆ ಉಳಿದವರು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಇಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ನೀರು ಎರಡು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಲಾ ಸೀಸೆರ್‌ನಲ್ಲಿ ಪೂರ್ತಿ ಇಳಿತವಿದ್ದರೆ ಕಲ್ಲು ಕಾಲಿಗೆ ಸಿಗುತ್ತದೆ, ಪೂರ್ತಿ ಭರತವಿದ್ದರೆ ಅಲೆ ದಡದ ಮೇಲೇ ಧೊಪ್ಪೆಂದು ಬೀಳುತ್ತದೆ. ನನ್ನ ಮಟ್ಟದವರಿಗೆ ಸಿಗುವುದು ನಡುವಿನ ಒಂದೆರಡು ಗಂಟೆ ಮಾತ್ರ. ಆ ಒಂದೆರಡು ಗಂಟೆಯೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಇವತ್ತು ಎರಡಕ್ಕಿದ್ದದ್ದು ನಾಳಿದ್ದು ಮೂರೂಮುಕ್ಕಾಲು. ಅಂಗಡಿಯ ಅರ್ಧ ದಿನ ಮಾತ್ರ ಅವರ ಗಡಿಯಾರದ ಪ್ರಕಾರ. ನೀರು ಸರಿಯಾಗುವ ಹೊತ್ತಿಗೆ ಬೋರ್ಡ್ ವಾಪಸ್ ಕೊಡುವ ಸಮಯ. ಬೇಗ ಹೋಗೋಣ ಅಂದರೆ ಎಂಟಡಿಯವೆಲ್ಲ ಶಾಲೆಯ ಗುಂಪಿನ ಪಾಲಾಗಿ, ಉಳಿದಿರುವುದು ಒಂದೋ ದೋಣಿಯಂಥ ಒಂಬತ್ತಡಿಯದು, ಇಲ್ಲ ಆರಡಿಯದು. ಸ್ವಂತ ಬೋರ್ಡ್ ಇದ್ದರೆ ಕಿಟಕಿಯಿಂದ ನೀರು ನೋಡಿ, ಕಾಫಿ ಮುಗಿಸಿ, ಸಮಯ ಬಂದಾಗ ಇಳಿದರಾಯಿತು.

ಹಾಗಾಗಿ ಸ್ವಂತದ್ದು ಬೇಕು ಎಂದಾಯಿತು. ಹೊಸ ಎಪಾಕ್ಸಿ ಬೋರ್ಡಿನ ಬೆಲೆ ಕೈಗೆಟಕದು. ಸ್ಪೇನ್ ಒಳನಾಡಿನ ಆನ್‌ಲೈನ್ ಅಂಗಡಿಗಳಿಂದ ತರಿಸೋಣ ಅಂದರೆ ಅದಕ್ಕೂ ಒಂದು ರಗಳೆ. ಕನಾರಿಯಾ ದ್ವೀಪಗಳು ಯುರೋಪಿನ ವ್ಯಾಟ್ ವ್ಯವಸ್ಥೆಯ ಹೊರಗಿವೆ. ಇಲ್ಲಿನ ತೆರಿಗೆ ಸಾಮಾನ್ಯವಾಗಿ ಶೇ 7, ಅಲ್ಲಿ ಶೇ 21. ಕೇಳಲು ಚೆಂದ, ಆದರೆ ಮ್ಯಾಡ್ರಿಡ್‌ನಿಂದ ಬರುವ ಪಾರ್ಸಲಿಗೂ ಕಸ್ಟಮ್ಸ್ ಕಾಗದಪತ್ರ ಬೇಕು. ಅದರ ಮೇಲೆ ಏಳೆಂಟಡಿ ಉದ್ದದ ಪೆಟ್ಟಿಗೆಯ ಸಾಗಣೆ ಖರ್ಚು. ಅಲ್ಲಿಗೆ ಆ ಯೋಚನೆ ಕೈಬಿಟ್ಟು ಊರಿನಲ್ಲೇ ಸೆಕೆಂಡ್ ಹ್ಯಾಂಡ್ ಹುಡುಕಿದೆ.

ಸಿಕ್ಕಿದ್ದು ಏಳಡಿ ಎರಡಿಂಚಿನ ಎಪಾಕ್ಸಿ ಬೋರ್ಡ್, 180 ಯೂರೊ. ಊರು ಬಿಟ್ಟು ಹೊರಟಿದ್ದ ಒಬ್ಬಾತ ಮಾರುತ್ತಿದ್ದ. ತಟ್ಟಿ ನೋಡಿದೆ, ಅಂಚಿನುದ್ದಕ್ಕೂ ಹೆಬ್ಬೆರಳು ಒತ್ತಿ ನೋಡಿದೆ, ಬೋರ್ಡಿನ ಅಡಿಯ ರೆಕ್ಕೆಗಳನ್ನು (ಫಿನ್) ಅಲ್ಲಾಡಿಸಿ ನೋಡಿದೆ. ಹಿಂಭಾಗದಲ್ಲಿ, ಬಲಗಡೆಯ ರೆಕ್ಕೆಯ ಪಕ್ಕ, ಅಂಗೈಯಗಲ ಸೂರ್ಯನ ಸ್ಟಿಕ್ಕರ್ ಇತ್ತು. ಇಲ್ಲಿ ಸ್ಟಿಕ್ಕರ್ ಇಲ್ಲದ ಬೋರ್ಡೇ ಇಲ್ಲ, ಯಾರಿಗೆ ಅನುಮಾನ ಬರುತ್ತದೆ?

ನೀರಿನಲ್ಲಿ ಅದು ಚೆನ್ನಾಗಿತ್ತು, ಇದನ್ನು ಒಪ್ಪಿಕೊಳ್ಳಲೇಬೇಕು. ಹಗುರ, ಚುರುಕು, ಸ್ವಲ್ಪ ಒರಗಿದರೆ ಸಾಕು ತಿರುಗುತ್ತಿತ್ತು. ಆದರೆ ವಾರ ಕಳೆಯುತ್ತಿದ್ದಂತೆ ತಿರುಗುವುದು ನಿಧಾನವಾಯಿತು. ನನಗೇ ಸುಸ್ತಿರಬೇಕು ಅಂದುಕೊಂಡು ಸುಮ್ಮನಿದ್ದೆ. ಒಂದು ಸಂಜೆ ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಅವರ ತಂತಿಯ ಮೇಲಿನ ಬಟ್ಟೆಗೆಲ್ಲ ನಮ್ಮ ಬಾಲ್ಕನಿಯಿಂದ ನೀರು ತೊಟ್ಟಿಕ್ಕುತ್ತಿದೆಯಂತೆ. ಹೋಗಿ ನೋಡಿದರೆ, ನಿಲ್ಲಿಸಿಟ್ಟ ಬೋರ್ಡಿನ ಸೂರ್ಯನ ಅಂಚಿನಿಂದ ತೊಟ್ಟು ತೊಟ್ಟಾಗಿ ನೀರು. ಬೋರ್ಡ್ ಒದ್ದೆಯಾಗಿರಲಿಕ್ಕೆ ಸಾಧ್ಯವೇ ಇಲ್ಲ, ನೀರಿಗಿಳಿದು ಎರಡು ದಿನವಾಗಿತ್ತು. ನೆಕ್ಕಿ ನೋಡಿದೆ, ಉಪ್ಪು.

ರಿಪೇರಿಯವನು ಸ್ಟಿಕ್ಕರ್ ಕಿತ್ತ. ಅಡಿಯಲ್ಲಿ ಬಿಳಿ ಪುಟ್ಟಿ, ಪುಟ್ಟಿ ಕೆರೆದರೆ ಅಡಿಯಲ್ಲಿ ಮುಷ್ಟಿ ಹಿಡಿಸುವಷ್ಟು ಗುಂಡಿ. ಆತ ತಲೆ ಅಲ್ಲಾಡಿಸಿ ವಿವರಿಸಿದ. ಎಪಾಕ್ಸಿ ಬೋರ್ಡುಗಳ ಒಳಗಿರುವುದು ಸಾಮಾನ್ಯವಾಗಿ ಇಪಿಎಸ್, ಅಂದರೆ ನಮ್ಮ ಥರ್ಮಾಕೋಲ್. ಅದನ್ನು ಎಪಾಕ್ಸಿ ರಾಳದಿಂದಲೇ ರಿಪೇರಿ ಮಾಡಬೇಕು. ಅಗ್ಗದ ರಿಪೇರಿ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ಪಾಲಿಯೆಸ್ಟರ್ ರಾಳ, ಪಾಲಿಯುರೆಥೇನ್ ತುಂಬಿದ ಹಳೇ ಮಾದರಿಯ ಬೋರ್ಡುಗಳಿಗೆ ಅದು ಸರಿ. ಆದರೆ ಅದರಲ್ಲಿ ಸ್ಟೈರೀನ್ ಇರುತ್ತದೆ, ಅದು ತಗುಲಿದರೆ ಥರ್ಮಾಕೋಲ್ ಕರಗುತ್ತದೆ. ಚಿಕ್ಕವರಿದ್ದಾಗ ಥರ್ಮಾಕೋಲ್ ಮೇಲೆ ಪೆಟ್ರೋಲ್ ಹನಿಸಿ ತೂತು ಮಾಡಿ ಆಟವಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಸಣ್ಣ ಬಿರುಕಿಗೆ ತಪ್ಪು ರಾಳ ಸುರಿದಿದ್ದಾರೆ, ಒಳಗೆ ಗುಂಡಿಯಾಗಿದೆ, ಪುಟ್ಟಿ ಮೆತ್ತಿ ಸೂರ್ಯನನ್ನು ಅಂಟಿಸಿ ನನಗೆ ದಾಟಿಸಿದ್ದಾರೆ. ಮಾರಿದವನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್.

ರಿಪೇರಿಗೆ 70 ಯೂರೊ. ಅದಕ್ಕೂ ಮೊದಲು ಒಳಗಿನ ನೀರು ಪೂರ್ತಿ ಆರಬೇಕು. ಇದಕ್ಕೆ ಹಿಡಿಯುವ ಕಾಲದ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ. ತೂತು ಕೆಳಗೆ ಮಾಡಿ ನೆರಳಿನಲ್ಲಿ ನಿಲ್ಲಿಸಬೇಕು, ಬಿಸಿಲಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಪದರ ಬಿಟ್ಟುಕೊಳ್ಳುತ್ತದೆ. ಈ ಊರಿನ ಗಾಳಿಯಲ್ಲಿ ಸದಾ ತೇವ, ಬಟ್ಟೆ ಒಣಗುವುದಕ್ಕೇ ಎರಡು ದಿನ. ಬೋರ್ಡ್ ಮೂಲೆಯಲ್ಲಿ ನಿಂತೇ ಇತ್ತು, ಅಜ್ಜಿಯ ಬಟ್ಟೆಯ ಮೇಲೆ ಬೀಳದಿರಲಿ ಎಂದು ಅಡಿಯಲ್ಲಿ ಬಕೆಟ್. ಅತ್ತ ನವೆಂಬರಿನ ಒಳ್ಳೆಯ ಅಲೆಗಳು ಬಂದು ಹೋದವು. ವಿಡಿಯೊ ಕಾಲ್‌ನಲ್ಲಿ ಬಕೆಟ್ ನೋಡಿದ ಅಮ್ಮ, "ಹಲಗೆಗೂ ನೆಗಡಿ ಆಗ್ತದೇನೋ ಮಾರಾಯಾ?" ಅಂದರು.

ರಿಪೇರಿಯಾಗಿ ಬಂದ ಮೇಲಾದರೂ ನೆಮ್ಮದಿ ಸಿಕ್ಕಿತೇ ಅಂದರೆ ಅದೂ ಇಲ್ಲ. ಚಳಿಗಾಲದ ದೊಡ್ಡ ಅಲೆಗಳು ಲಾ ಸೀಸೆರ್‌ನ ಮರಳನ್ನು ಎಳೆದೊಯ್ಯುತ್ತವೆ, ಅಕ್ಟೋಬರಿನಲ್ಲಿ ಮೆತ್ತಗಿದ್ದ ಜಾಗದಲ್ಲಿ ಜನವರಿಗೆ ಗುಂಡುಕಲ್ಲು ಎದ್ದಿರುತ್ತವೆ. ಗಟ್ಟಿ ಚಿಪ್ಪಿನ ಬೋರ್ಡಿಗೆ ಒಂದು ಏಟು ಸಾಕು. ಪ್ರತಿ ಸಲ ಹೊರಬಂದಾಗ ಬೆರಳಾಡಿಸಿ ಬಿರುಕು ಹುಡುಕುವುದೇ ಕೆಲಸವಾಯಿತು. ಕೊನೆಗೆ ರಿಪೇರಿಯ ಕಥೆಯನ್ನೆಲ್ಲ ಹೇಳಿಯೇ 120 ಯೂರೊಗೆ ಮಾರಿದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲೇಬೇಕು ಅನ್ನುವವರು ಸ್ಟಿಕ್ಕರ್ ಇದ್ದಲ್ಲಿ ಒತ್ತಿ ನೋಡಿ, ಕೀಳಬಹುದಾ ಅಂತ ಕೇಳಿ. ಬೇಡ ಅಂದರೆ ಅಲ್ಲಿಂದ ಹೊರಡಿ. ಜೊತೆಗೆ ತೂಕದ ಯಂತ್ರ ಒಯ್ಯಿರಿ, ಅದೇ ಮಾದರಿಯ ಹೊಸ ಬೋರ್ಡಿಗಿಂತ ಭಾರ ಇದ್ದರೆ ಒಳಗೆ ನೀರಿದೆ.

ಇನ್ನು ಫೋಮ್. ಊರಿನ ದೊಡ್ಡ ಕ್ರೀಡಾ ಮಳಿಗೆಯಲ್ಲಿ 240 ಯೂರೊ, ರೆಕ್ಕೆ, ಕಾಲಿಗೆ ಕಟ್ಟುವ ಹಗ್ಗ ಎಲ್ಲ ಸೇರಿ. ಒಳಗೆ ಇದಕ್ಕೂ ಥರ್ಮಾಕೋಲೇ, ಆದರೆ ಮೇಲಿನ ಮೆತ್ತನೆಯ ಪದರ ಪೆಟ್ಟು ನುಂಗುತ್ತದೆ. ಕಲ್ಲಿಗೆ ಬಡಿದಿದೆ, ಲಿಫ್ಟಿನ ಬಾಗಿಲಿಗೆ ಬಡಿದಿದೆ, ಬೀದಿ ದೀಪದ ಕಂಬಕ್ಕೂ ಬಡಿದಿದೆ. ಈವರೆಗೆ ನಾಲ್ಕಾರು ತಗ್ಗು, ಒಂದೂ ತೂತಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಜನ. ಇದು ಊರೊಳಗಿನ ಬೀಚು. ಶನಿವಾರ ಮಧ್ಯಾಹ್ನ ಒಂದೇ ಅಲೆಗೆ ಆರು ಜನ ಹೊರಟಿರುತ್ತಾರೆ, ನಡುವೆ ಈಜುವ ಮಕ್ಕಳು, ಬಿದ್ದು ಬೋರ್ಡನ್ನು ಗಾಳಿಗೆ ಬಿಟ್ಟ ಹೊಸಬರು. ಇಂಥ ಕಡೆ ಗಟ್ಟಿ ಮೂತಿಯ ಬೋರ್ಡ್ ಯಾರಿಗಾದರೂ ತಾಗಿದರೆ ಹೊಲಿಗೆ ಬೀಳುತ್ತದೆ. ನನ್ನ ಫೋಮ್ ಒಂದು ಸಲ ಒಬ್ಬ ಹಿರಿಯರ ಭುಜಕ್ಕೆ ತಾಗಿತು, ಅವರು ಬೈದರು, ಅಷ್ಟಕ್ಕೇ ಮುಗಿಯಿತು. ಸಣ್ಣ ಅಲೆಯ ದಿನ, ಅಂದರೆ ಬೇಸಿಗೆಯ ಬಹುಪಾಲು ದಿನ, ಎಪಾಕ್ಸಿಯವರು ಕೂತು ಕಾಯುತ್ತಿದ್ದರೆ ನಾನು ಎದ್ದು ಹೋಗಿರುತ್ತೇನೆ. ತೇಲುವ ಶಕ್ತಿ ಹೆಚ್ಚು, ಬೇಗ ಅಲೆ ಹಿಡಿಯುತ್ತದೆ.

ಕೊರತೆ ಇಲ್ಲವೆಂದಲ್ಲ. ದೊಡ್ಡ ಅಲೆ ಬಂದಾಗ ಇದನ್ನು ನೀರಿನಡಿಗೆ ತಳ್ಳಿ ಆಚೆ ದಾಟಲು ಆಗುವುದಿಲ್ಲ, ಅಷ್ಟು ತೇಲುತ್ತದೆ. ಬೋರ್ಡ್ ಹಿಡಿದು ಮಗುಚಿಕೊಂಡು ತಲೆಕೆಳಗಾಗಿ ನೇತಾಡಬೇಕು, ನಾಲ್ಕು ಸಲ ಹಾಗೆ ಮಾಡಿದರೆ ದಡದಲ್ಲೇ ಇರುತ್ತೀರಿ. ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಯ ಅಲೆ ಬರುವ ದಿನಗಳಲ್ಲಿ ನಾನು ಇಳಿಯುವುದೇ ಇಲ್ಲ, ಲಾ ಬಾರ್ರಾದ ಒಳಗೆ ಈಜಿ ಬರುತ್ತೇನೆ. ಗಾಳಿಯಲ್ಲಿ ಹೊತ್ತುಕೊಂಡು ಹೋಗುವುದೂ ಸುಖವಲ್ಲ, ಬೀದಿ ತಿರುವಿನಲ್ಲಿ ಹಾಯಿಯಾಗಿಬಿಡುತ್ತದೆ. ತಿರುಗುವ ಚುರುಕು ಎಪಾಕ್ಸಿಯದರ ಅರ್ಧವೂ ಇಲ್ಲ.

ವ್ಯಾಕ್ಸ್ (ಕಾಲು ಜಾರದಿರಲೆಂದು ಬೋರ್ಡಿನ ಮೇಲೆ ಉಜ್ಜುವ ಮೇಣ): ಎಪಾಕ್ಸಿಗೆ ಬೇಕೇ ಬೇಕು, ಫೋಮಿಗೆ ನಿಲ್ಲುವ ಜಾಗದಲ್ಲಿ ಸ್ವಲ್ಪ ಸಾಕು. ಸಹಾರಾ ಧೂಳಿನ ಕಲೀಮಾ ಬೀಸುವ ದಿನ ಬಿಸಿಲಿಗಿಟ್ಟರೆ ಎಲ್ಲ ಕರಗಿ ಕಾಲುದಾರಿಗೆ ಬಂದಿರುತ್ತದೆ.

ಮರುಮಾರಾಟ: ಫೋಮಿಗೆ ಗಿರಾಕಿ ಬೇಗ ಸಿಗುತ್ತಾರೆ, ಕೆಲಸ ಮಾಡುತ್ತಾ ಆರು ತಿಂಗಳು ಇಲ್ಲಿರಲು ಬರುವವರು ತೀರುವುದೇ ಇಲ್ಲ.

ತಿಂಗಳಿಗಿಂತ ಕಡಿಮೆ ಇರುವವರು ಬಾಡಿಗೆಗೆ ತೆಗೆದುಕೊಳ್ಳಿ, ಭರತದ ಪಟ್ಟಿ ನೋಡಿಕೊಂಡು ಅಂಗಡಿಗೆ ಹೋಗಿ. ಎಲ್ ಯೊರೆತ್ ಕಡೆ ಕಣ್ಣಿಟ್ಟಿರುವ, ಕೈಯಲ್ಲಿ 500 ಯೂರೊ ಇರುವ ಹುಡುಗರು ಹೊಸ ಎಪಾಕ್ಸಿಯನ್ನೇ ಕೊಳ್ಳಲಿ. ನನ್ನ ಹಾಗೆ ಮೀಟಿಂಗ್ ಮುಗಿಸಿ ಎರಡು ಗಂಟೆ ನೀರಿನಲ್ಲಿದ್ದು, ಹತ್ತು ಅಲೆ ಹಿಡಿದು, ಮನೆಗೆ ಬಂದು ಅನ್ನ ಸಾರು ಮಾಡುವವರಿಗೆ ಎಂಟಡಿಯ ಫೋಮೇ ಸಾಕು.

ಒಂದು ಮಾತು ಬಾಕಿ ಇದೆ. ಇಲ್ಲಿನ ನೀರು ಮೂಲ್ಕಿಯಂತಲ್ಲ, ಫೆಬ್ರವರಿ ಮಾರ್ಚಿನಲ್ಲಿ 18–19 ಡಿಗ್ರಿಗೆ ಇಳಿಯುತ್ತದೆ, ಹಾಗಾಗಿ 3/2 ಮಿಲಿಮೀಟರ್ (ಮೈಗೆ 3, ಕೈಕಾಲಿಗೆ 2 ಮಿಲಿಮೀಟರ್ ದಪ್ಪದ) ವೆಟ್‌ಸೂಟ್ ಬೇಕು. ಬೋರ್ಡ್ ಬಾಡಿಗೆಯದ್ದಾದರೂ ಪರವಾಗಿಲ್ಲ, ವೆಟ್‌ಸೂಟ್ ಮಾತ್ರ ಸ್ವಂತದ್ದೇ ಇರಲಿ. ತಣ್ಣೀರಿನಲ್ಲಿ ನಡುಗುವ ಜನ ಅದರೊಳಗೆ ಬೆಚ್ಚಗಾಗಲು ಏನು ಮಾಡುತ್ತಾರೆ ಎನ್ನುವುದು ಸರ್ಫ್ ಮಾಡುವ ಎಲ್ಲರಿಗೂ ಗೊತ್ತು.