ನಾಯಿಗೆ ‘ತುರಿಕೆ ಇಂಜೆಕ್ಷನ್’ ಹಾಕಿಸುವ ಮುಂಚೆ ಇದನ್ನು ಓದಿ

ನಾಯಿ ಕೆರೆದುಕೊಳ್ಳುತ್ತಿದೆ ಅಂದ ಕೂಡಲೇ, ಸರಿಯಾಗಿ ನೋಡದೆ ಇಂಜೆಕ್ಷನ್ ಚುಚ್ಚಿ ಕಳಿಸುವ ಕ್ಲಿನಿಕ್‌ಗಳಿವೆ. ನಮ್ಮ ಲ್ಯಾಬ್ರಡಾರ್ ಚಿನ್ನಿ ಅಂಥ ಒಂದು ಕಡೆ ಸಿಕ್ಕಿಕೊಂಡು ಸಾಕಷ್ಟು ಅನುಭವಿಸಿದಳು. ಕ್ಲಿನಿಕ್ ಹೆಸರು ಬೇಡ, ನಡೆದದ್ದು ಮಾತ್ರ ಹೇಳುತ್ತೇನೆ.

ನಾವಿರುವುದು ಮಂಗಳೂರಿನಲ್ಲಿ. ಮಳೆ ಹಿಡಿದರೆ ಬಟ್ಟೆ ಒಣಗುವುದೇ ಕಷ್ಟ, ಇನ್ನು ಜೋತುಬಿದ್ದ ಕಿವಿಯ ಒಳಗೆ ಕೇಳಬೇಕಾ? ಚಿನ್ನಿ ತಲೆ ಕೊಡವಲು ಶುರು ಮಾಡಿದಳು. ಕಿವಿ ಎತ್ತಿ ನೋಡಿದರೆ ಒಳಗೆಲ್ಲ ಕೆಂಪು, ಕಂದು ಬಣ್ಣದ ಅಂಟು ಗುಗ್ಗೆ, ಹಳಸಿದ ಹಿಟ್ಟಿನಂಥ ವಾಸನೆ. ಪಾದವನ್ನೂ ನೆಕ್ಕುತ್ತಲೇ ಇದ್ದಳು.

ಆ ಕ್ಲಿನಿಕ್‌ನಲ್ಲಿ ಎರಡನ್ನೂ ಹೇಳಿದೆವು. ಕಿವಿಗೆ ಡ್ರಾಪ್ಸ್, ಮೈಗೆ ಇಂಜೆಕ್ಷನ್. “ಮಳೆಗಾಲದ ಅಲರ್ಜಿ, ಅಷ್ಟೇ.” ಮರುದಿನವೇ ತುರಿಕೆ ಮಾಯ! ಕೆಲವು ವಾರಕ್ಕೆ ಮತ್ತೆ ಬಂತು, ಮತ್ತೆ ಅದೇ ಇಂಜೆಕ್ಷನ್. ಹೀಗೇ ನಡೆಯಿತು. ಅಷ್ಟರಲ್ಲಿ ಚಿನ್ನಿ ಬಕೆಟ್‌ಗಟ್ಟಲೆ ನೀರು ಕುಡಿಯಲು, ರಾತ್ರಿ ಮನೆಯೊಳಗೇ ಉಚ್ಚೆ ಹೊಯ್ಯಲು ಶುರು ಮಾಡಿದಳು. ಹೊಟ್ಟೆ ಜೋಲುಬಿತ್ತು. ತೊಡೆಸಂದಿಯ ಚರ್ಮ ಕಪ್ಪಾಗಿ, ದಪ್ಪವಾಗಿ, ಜಿಡ್ಡುಜಿಡ್ಡಾಯಿತು. ಇಂಜೆಕ್ಷನ್ ಹೆಸರೇನು ಅಂತ ಕೇಳಿದರೆ, “ಡಾಕ್ಟರ್ ನೀವಾ, ನಾನಾ?” ಎಂಬ ಉತ್ತರ. ಕೊನೆಗೆ ತಲೆ ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಊದಿಕೊಂಡಿತು.

ಆಗ ಬೇರೆ ಡಾಕ್ಟರ ಹತ್ತಿರ ಓಡಿದೆವು. ಅವರು ಮೊದಲು ದೀಪವಿರುವ ಉಪಕರಣ ಹಾಕಿ ಕಿವಿಯ ತಮಟೆ ಹರಿದಿದೆಯಾ ನೋಡಿದರು. ಹರಿದಿದ್ದರೆ ಜೆಂಟಾಮೈಸಿನ್‌ನಂಥ ಔಷಧಿ ಇರುವ ಡ್ರಾಪ್ಸ್ ಕಿವಿಯನ್ನೇ ಕೆಡಿಸಬಹುದಂತೆ. ಆಮೇಲೆ ಗುಗ್ಗೆಯನ್ನು ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಲಸೀಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ತುಂಬಿಕೊಂಡಿತ್ತು. ತೊಡೆಸಂದಿಯಲ್ಲೂ ಅದೇ. ಕಿವಿಯ ಒಳಗಿರುವುದೂ ಚರ್ಮವೇ ಅಲ್ವಾ? ಮೂಲ ಅಲರ್ಜಿ, ಅದರ ಮೇಲೆ ಯೀಸ್ಟ್ ಬೆಳೆದಿತ್ತು. ನಮ್ಮ ಮೊದಲ ಕ್ಲಿನಿಕ್ ಅದನ್ನು ಎರಡು ಬೇರೆ ಕಾಯಿಲೆ ಮಾಡಿ ಬಿಲ್ ಹಾಕಿತ್ತು.

ಇಂಜೆಕ್ಷನ್ ಸ್ಟೀರಾಯ್ಡ್ ಇರಬೇಕು ಅಂದರು. ತುರಿಕೆ ಅಡಗುತ್ತದೆ, ಯೀಸ್ಟ್ ಸಾಯುವುದಿಲ್ಲ. ನೀರಡಿಕೆ, ಉಚ್ಚೆ ಅದರದ್ದೇ ಪರಿಣಾಮ. ಚರ್ಮ ಕೆರೆದು ಹುಳವಿದೆಯಾ ಅಂತಲೂ ನೋಡಿದರು. ಪುಣ್ಯಕ್ಕೆ ಇರಲಿಲ್ಲ. ಡೆಮೊಡೆಕ್ಸ್ ಎಂಬ ಹುಳದ ಕಜ್ಜಿ ಇದ್ದಿದ್ದರೆ ಸ್ಟೀರಾಯ್ಡ್ ಅದನ್ನು ಇನ್ನೂ ಹರಡುತ್ತಿತ್ತು. ಸ್ಟೀರಾಯ್ಡ್ ಅಂದರೆ ವಿಷ ಅಂತಲ್ಲ, ಕೆಲವೊಮ್ಮೆ ಬೇಕೇ ಬೇಕು. ನಿಮ್ಮ ನಾಯಿಗೆ ಈಗ ಮಾತ್ರೆ ನಡೆಯುತ್ತಿದ್ದರೆ ದಿಢೀರನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಕಡಿಮೆ ಮಾಡುತ್ತಾ ಬನ್ನಿ.

ಈಗ ಚಿನ್ನಿಗೆ ಯೀಸ್ಟ್ ಕೊಲ್ಲುವ, ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ, ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ಆ 10 ನಿಮಿಷ ಅವಳನ್ನು ಹಿಡಿದುಕೊಳ್ಳುವುದೇ ದೊಡ್ಡ ಕೆಲಸ. ಜೊತೆಗೆ, ಅಲರ್ಜಿ ತಿನ್ನುವುದರಿಂದ ಬರುತ್ತಿದೆಯಾ ಅಂತ ತಿಳಿಯಲು 8 ವಾರ ಆಹಾರ ಪರೀಕ್ಷೆ: ಕೋಳಿ ಇಲ್ಲ, ಮೊಸರಿಲ್ಲ, ಅಜ್ಜಿ ಕದ್ದು ಕೊಡುವ ಬಿಸ್ಕತ್ತೂ ಇಲ್ಲ.

ಕಿವಿಗೆ ಬೇವಿನೆಣ್ಣೆ ಹಾಕಿ ಅನ್ನುವವರಿಗೆ ದೊಡ್ಡ ನಮಸ್ಕಾರ. ಇಯರ್ ಬಡ್ಸ್ ಕೂಡ ಬೇಡ. ನಾಯಿಯ ಕಿವಿದಾರಿ ಕೆಳಗಿಳಿದು ಒಳಕ್ಕೆ ತಿರುಗುತ್ತದೆ, ಬಡ್ಸ್ ಗುಗ್ಗೆಯನ್ನು ಇನ್ನೂ ಆಳಕ್ಕೆ ತಳ್ಳುತ್ತದೆ.

ಸ್ಲೈಡ್ ನೋಡದೆ ಎರಡನೇ ಸಲ ಇಂಜೆಕ್ಷನ್ ಅಂದರೆ ಎದ್ದು ಬನ್ನಿ. ಹತ್ತಿರದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. ಹೊರಡುವ ಮುಂಚೆ ಕಿವಿ ಒರೆಸಬೇಡಿ, ಪರೀಕ್ಷೆಗೆ ಆ ಗುಗ್ಗೆಯೇ ಬೇಕು.